ಮನೆಯ ದಿಂಬು

ನೀರಿನ ಅಂಚಿಗೆ ಒಂದು ಊರು. ಊರಿನ ಮುಂದೆ ನೀರು, ನೀರಿನ ಮೇಲೆ ಒಂದು ಹಡಗು. ಆ ಹಡಗು ಇನ್ನೊಂದು ಊರಿಗೆ ಹೋಗುವ ಹಡಗಲ್ಲ. ಕಟ್ಟೆ ಬಿಟ್ಟು ಹೊರಡುತ್ತದೆ, ನೀರಲ್ಲಿ ಒಂದು ಸುತ್ತು ಹಾಕುತ್ತದೆ, ರಾತ್ರಿ ಕಳೆದ ಮೇಲೆ ಬಿಟ್ಟ ಕಟ್ಟೆಗೇ ಬಂದು ನಿಲ್ಲುತ್ತದೆ.

ಊರಲ್ಲಿ ಒಂದು ಕಟ್ಟಳೆ ಇತ್ತು. ಮನೆಯಲ್ಲಿ ಸಾವಾದರೆ, ವರ್ಷ ತುಂಬಿದ ಮೇಲೆ ಆ ಮನೆಯ ದೊಡ್ಡವರೆಲ್ಲ ಒಟ್ಟಿಗೆ ಹಡಗು ಹತ್ತಬೇಕು. ಮಕ್ಕಳು ಬೇಡ. ದೊಡ್ಡವರು ಒಬ್ಬರೂ ಉಳಿಯಕೂಡದು.

ಹಡಗಿನಲ್ಲಿ ಕೋಣೆಗಳು. ಕಿಟಕಿ ಇರುವ ಕೋಣೆ, ಕಿಟಕಿ ಇಲ್ಲದ ಕೋಣೆ. ಮೆಟ್ಟಿಲಿಗೆ ಹತ್ತಿರದ ಕೋಣೆ, ಅಡುಗೆಮನೆಗೆ ಅಂಟಿದ ಕೋಣೆ. ಮೇಲೆ ಗಾಳಿಗೆ ಒಡ್ಡಿಕೊಂಡ ಕೋಣೆ, ಕೆಳಗೆ ಹಡಗಿನ ಹೊಟ್ಟೆಯಲ್ಲಿ ಅಲುಗದ ಕೋಣೆ. ಯಾರಿಗೆ ಯಾವುದು ಅಂತ ಅವರವರು ಆರಿಸಿಕೊಳ್ಳುವಂತಿಲ್ಲ. ಮನೆಯವರಲ್ಲಿ ಒಬ್ಬರು ಎಲ್ಲರಿಗೂ ಆರಿಸಬೇಕು. ಅವರನ್ನು ಮನೆಯ ದಿಂಬು ಅಂತ ಕರೆಯುತ್ತಾರೆ.

ದಿಂಬು ಆದವರು ಹೀಗೆ ಮಾಡಬೇಕು. ಮನೆಯ ಒಬ್ಬೊಬ್ಬರಿಂದ ಒಂದೊಂದು ಉಟ್ಟ ಬಟ್ಟೆ ಈಸಿಕೊಳ್ಳಬೇಕು. ಒಗೆದದ್ದಲ್ಲ, ಉಟ್ಟದ್ದು. ಅದನ್ನು ಕೋಣೆಗೆ ಒಯ್ದು, ಮಂಚದ ಮೇಲೆ ಮಲಗಿ, ಮುಖದ ಮೇಲೆ ಹಾಸಿಕೊಳ್ಳಬೇಕು. ನಿದ್ದೆ ಬಂದರೆ ಆ ಕೋಣೆ ಆ ಬಟ್ಟೆಯವರದು. ಬಾರದಿದ್ದರೆ ಎದ್ದು ಮುಂದಿನ ಕೋಣೆ. ಸಿಕ್ಕಿದ ಕೋಣೆಯ ಬಾಗಿಲಲ್ಲಿ ಒಂದು ಗೂಟ. ಗೂಟಕ್ಕೆ ಬಟ್ಟೆ.

ಕೋಣೆ ತಪ್ಪಿದರೆ ಜೀವಕ್ಕೇನೂ ಆಗುವುದಿಲ್ಲ. ತಪ್ಪು ಕೋಣೆಯಲ್ಲಿ ಮಲಗಿದವರು ಬೆಳಿಗ್ಗೆ ಕಟ್ಟೆಗೆ ಇಳಿಯುವಾಗ ತಮ್ಮವರ ಗುರುತು ಮರೆತಿರುತ್ತಾರೆ, ಅಷ್ಟೆ. ಕಟ್ಟೆಯ ಮೂಲೆಯಲ್ಲಿ ಹಗ್ಗ ಮಾರುವವನೊಬ್ಬ ಇದ್ದ. ಅವನು ಹಾಗೆ ಇಳಿದವನು. ಇಳಿದವನೇ ತಾಯಿಯನ್ನು ದಾಟಿ ನಡೆದ, ಅಣ್ಣಂದಿರನ್ನು ದಾಟಿ ನಡೆದ, ಅಲ್ಲೇ ಒಂದು ಅಂಗಡಿ ಹಾಕಿಕೊಂಡ. ಒಳ್ಳೆಯವನು. ಅವನ ತಾಯಿ ಆಗಾಗ ಬಂದು ಹಗ್ಗ ಕೊಳ್ಳುತ್ತಾಳೆ. ಆಕೆಯ ಮನೆಯಲ್ಲಿ ದನವಿಲ್ಲ, ಬಾವಿಯಿಲ್ಲ. 'ಬಹಳ ಹಗ್ಗ ಬೇಕಾಗ್ತದಲ್ಲ ತಾಯಿ ನಿಮಗೆ' ಅಂತಾನೆ ಅವನು. 'ಹೌದಪ್ಪ, ಬೇಕಾಗ್ತದೆ' ಅಂತಾಳೆ ಆಕೆ.

ಆ ಊರಲ್ಲಿ ಒಬ್ಬ ಮುದುಕನಿದ್ದ. ಅವನ ಹೆಂಡತಿ ಸತ್ತು ವರ್ಷ ತುಂಬಿತು.

ಆ ಮನೆಗೆ ದಿಂಬಾಗಿದ್ದವಳು ಅವಳೇ. ಮುದುಕನ ತಂದೆ ಹೋದಾಗ ಅವಳೇ ಬಟ್ಟೆಗಂಟು ಹೊತ್ತು ಹಡಗು ಹತ್ತಿದ್ದಳು. ಒಂದೊಂದು ಬಟ್ಟೆಗೂ ಅವಳಿಗೆ ತಡವಿಲ್ಲದೆ ನಿದ್ದೆ ಬಂತು. ಎಲ್ಲರೂ ಸರಿಯಾಗಿ ಮಲಗಿದರು, ಎಲ್ಲರೂ ಒಂದೇ ಮನೆಗೆ ತಿರುಗಿ ಬಂದರು. ಈಗ ಅವಳಿಲ್ಲ. ಬೂರುಗದ ಹತ್ತಿಯ ಸಣ್ಣ ದಿಂಬೊಂದು ಅವಳ ನಂತರ ಗಂಡನ ಕೈಗೆ ಬಂತು. ಅದು ಬಂದಮೇಲೆ ಕೆಲಸವೂ ಬಂತು.

ಮುದುಕನಿಗೆ ಒಂದು ತೊಂದರೆ ಇತ್ತು. ಅವಳು ಹೋದ ಮೇಲೆ ಅವನಿಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಗ್ಗುಲು ಬದಲಿಸುತ್ತಿರಲಿಲ್ಲ. ನೋಡಿದವರು ಚೆನ್ನಾಗಿ ಮಲಗಿದ್ದಾನೆ ಅಂದುಕೊಳ್ಳುತ್ತಿದ್ದರು. ಕೋಳಿ ಕೂಗಿದರೆ ಎದ್ದು ಕೂರುತ್ತಿದ್ದ. ಯಾರಿಗೂ ಹೇಳಲಿಲ್ಲ. ಹೇಳುವುದಾಗಿದ್ದರೆ ಅವಳಿಗೆ ಹೇಳಬೇಕಿತ್ತು.

ಹಡಗಿನ ದಿನ ಮನೆಯವರೆಲ್ಲ ಕಟ್ಟೆಗೆ ಬಂದು ನಿಂತರು. ಮುದುಕನ ಅವ್ವ, ಕಣ್ಣು ಮಂಜಾದವಳು, ಮಾತು ಮಂಜಾಗದವಳು. ಮುದುಕನ ಮಗ. ಮಗನ ಹೆಂಡತಿ, ಈ ಮನೆಗೆ ಸೊಸೆ. ಮದುವೆ ಬೇಡ ಅಂದು ಮನೆಯಲ್ಲೇ ಉಳಿದ ಮಗಳು. ಮಗನ ಮಗಳು, ಈ ವರ್ಷ ದೊಡ್ಡವರ ಲೆಕ್ಕಕ್ಕೆ ಸೇರಿದವಳು.

ಇಂಥ ಕೋಣೆ ಬೇಕು ಅಂತ ದಿಂಬನ್ನು ಕೇಳಬಾರದು. ಅದೂ ಕಟ್ಟಳೆಯೇ. ಕೇಳದವರು ಯಾರೂ ಇರಲಿಲ್ಲ.

ಮುದುಕನ ಅವ್ವ ಹಳೆಯ ಸೀರೆಯ ತುಂಡು ಕೊಟ್ಟಳು. 'ನಾನೇನೂ ಕೇಳೋದಿಲ್ಲ ಕಣಪ್ಪ. ಮೆಟ್ಟಿಲ ಹತ್ರ ಇದ್ರೆ ಮಂಡಿಗೆ ಒಳ್ಳೇದು. ಸದ್ದಿಲ್ಲದ ಕಡೆ ಆದ್ರೆ ಇನ್ನೂ ಒಳ್ಳೇದು. ಕೇಳೋದಿಲ್ಲ, ಸುಮ್ನೆ ಹೇಳ್ದೆ.'

ಮಗ ಅಂಗಿ ಕೊಟ್ಟ. 'ಅಪ್ಪ, ನಾನು ಹಿರೀಮಗ. ಕಿಟಕಿ ಇಲ್ಲದ ಗೂಡಿಗೆ ತಳ್ಳಿದ್ರೆ ಊರವರು ಏನಂದಾರು? ಅಷ್ಟು ನೋಡ್ಕೋ.'

'ಊರವರು ಕೋಣೆ ಒಳಗೆ ಬಂದು ನೋಡ್ತಾರೇನೋ?' ಅಂದಳು ಮಗಳು. ತನ್ನ ರವಿಕೆಯನ್ನು ಗಂಟಿಗೆ ತುರುಕಿದಳು. 'ಅಪ್ಪ, ನನಗೆ ಎಲ್ಲಾದ್ರೂ ಆಗ್ಲಿ. ಇವನ ಗೊರಕೆ ಕೇಳದಷ್ಟು ದೂರ ಇರ್ಲಿ. ಹಡಗಿನ ಆ ತುದಿ.'

'ನಾನೆಲ್ಲಿ ಗೊರಕೆ ಹೊಡೀತೀನಿ?'

'ನೀನು ಹೊಡೆಯಲ್ಲ. ಗೋಡೆ ಹೊಡೀತದೆ.'

ಮೊಮ್ಮಗಳು ನಕ್ಕಳು. ತಲೆಗೆ ಸುತ್ತಿದ್ದ ದುಪಟ್ಟಾ ಬಿಚ್ಚಿ ಕೊಟ್ಟಳು. 'ತಾತ, ನನಗೆ ಎಲ್ಲಕ್ಕಿಂತ ಮೇಲೆ. ಒಬ್ಬಳೇ. ಗಾಳಿ ಬರಬೇಕು.'

ಸೊಸೆ ಸೀರೆಯ ಮೇಲೆ ಹೊದ್ದಿದ್ದ ಶಾಲು ತೆಗೆದಳು. ಮಡಿಸಿದಳು. ಅಂಚಿಗೆ ಅಂಚು ಸೇರಿಸಿ ಇನ್ನೊಮ್ಮೆ ಮಡಿಸಿದಳು. ಎಲ್ಲರ ಬಟ್ಟೆಯನ್ನೂ ಗಂಟಿನಿಂದ ತೆಗೆದು ಹಾಗೇ ಮಡಿಸಿ ಇಟ್ಟಳು. ಅವಳು ಏನೂ ಕೇಳಲಿಲ್ಲ. 'ಹೋಗಿ ಬನ್ನಿ ಮಾವ' ಅಂದಳು.

ಮುದುಕ ಹಲಗೆ ದಾಟಿ ಹಡಗಿಗೆ ಹೋದ.

ಹಡಗಿನಲ್ಲಿ ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಂಗಸಿದ್ದಳು. ಅವಳು ಬಾಗಿಲು ತೆಗೆಯುವವಳು. ಬೇರೆ ಕೆಲಸವಿಲ್ಲ, ಬೇರೆ ಮಾತೂ ಇಲ್ಲ. ಮೆಟ್ಟಿಲ ಹತ್ತಿರದ ಕೋಣೆ ತೆಗೆದಳು. ಮುದುಕ ಸಣ್ಣ ದಿಂಬು ಇಟ್ಟ, ತಲೆ ಇಟ್ಟ, ಅವ್ವನ ಸೀರೆತುಂಡು ಮುಖದ ಮೇಲೆ ಹಾಕಿಕೊಂಡ. ಹೊಗೆ, ಹರಳೆಣ್ಣೆ, ಎಲೆಯಡಿಕೆ. ಕಣ್ಣು ಮುಚ್ಚಿದ.

'ಬಂತಾ?' ಬಾಗಿಲಿಂದ ಹೆಂಗಸು ಕೇಳಿದಳು.

'ಬರಲಿಲ್ಲ.'

ಮುಂದಿನ ಬಾಗಿಲು. ಮಲಗಿದ. ಬಟ್ಟೆ ಹಾಕಿಕೊಂಡ. ಕಣ್ಣು ಮುಚ್ಚಿದ.

'ಬಂತಾ?'

'ಬರಲಿಲ್ಲ.'

ಮೇಲಿನ ಕೋಣೆಗಳು, ಕೆಳಗಿನ ಕೋಣೆಗಳು. ಕಿಟಕಿಯಲ್ಲಿ ನೀರು ಕಂಡಿತು, ಕಿಟಕಿಯಿಲ್ಲದಲ್ಲಿ ಕತ್ತಲೆ ಕಂಡಿತು. ಮಗನ ಅಂಗಿಯಲ್ಲಿ ಬೆವರು, ಮಗಳ ರವಿಕೆಯಲ್ಲಿ ಸಾಬೂನು, ಮೊಮ್ಮಗಳ ದುಪಟ್ಟಾದಲ್ಲಿ ಅವನಿಗೆ ಗೊತ್ತಿಲ್ಲದ ಯಾವುದೋ ಹೂವು. ದಿಂಬಿನಲ್ಲಿ ಅವಳ ತಲೆಯೆಣ್ಣೆ. ನಿದ್ದೆ ಎಲ್ಲೂ ಇರಲಿಲ್ಲ.

'ಬಂತಾ?'

'ಬರಲಿಲ್ಲ.'

ನೀರು ತಿರುಗುವ ಹೊತ್ತಾಯಿತು. ನೀರು ತಿರುಗಿದರೆ ಹಗ್ಗ ಬಿಚ್ಚುತ್ತಾರೆ. ಹಗ್ಗ ಬಿಚ್ಚುವ ತನಕ ಗೂಟದ ಬಟ್ಟೆ ಬದಲಿಸಬಹುದು. ಆಮೇಲೆ ಆಗದು. ಕೆಳಗೆ ಕಟ್ಟೆಯಿಂದ ಅವ್ವನ ದನಿ ಕೇಳುತ್ತಿತ್ತು: 'ಇವನು ಕೋಣೆ ಹುಡುಕ್ತಾವನೋ ಹೆಣ್ಣು ಹುಡುಕ್ತಾವನೋ!'

ಮುದುಕ ಎದ್ದು ಕೂತ. ಕೈಯಲ್ಲಿದ್ದ ಬಟ್ಟೆ ನೋಡಿದ. ಆಮೇಲೆ ಯೋಚನೆ ಮಾಡಿದ. ಅವ್ವನಿಗೆ ಮಂಡಿನೋವು, ಮೆಟ್ಟಿಲ ಹತ್ತಿರದ್ದು, ಸದ್ದಿಲ್ಲದ್ದು. ಮಗ ಹಿರಿಯ, ದೊಡ್ಡ ಕಿಟಕಿಯದ್ದು. ಮಗಳಿಗೆ ಗೊರಕೆ ಆಗದು, ಆ ತುದಿಯದ್ದು. ಮೊಮ್ಮಗಳಿಗೆ ಗಾಳಿ, ಎಲ್ಲಕ್ಕಿಂತ ಮೇಲಿನದ್ದು. ಕೇಳಿದವರಿಗೆ ಕೇಳಿದ್ದು. ಇದರಲ್ಲಿ ತಪ್ಪೇನು? ಒಂದೊಂದೇ ಗೂಟಕ್ಕೆ ಒಂದೊಂದೇ ಬಟ್ಟೆ ಹಾಕಿದ. ಮಗನ ಅಂಗಿಯ ಜೊತೆಗೇ ಸೊಸೆಯ ಶಾಲು.

'ಬಂತಾ?' ಹೆಂಗಸು ಕೇಳಿದಳು.

'ಬಂತು' ಅಂದ.

ಹೆಂಗಸು ಅವನ ಮುಖ ನೋಡಿದಳು. ಕೇಳುವುದಷ್ಟೇ ಅವಳ ಕೆಲಸ. ಹೋದಳು.

ಮನೆಯವರು ಹತ್ತಿದರು. ಅವರವರ ಬಟ್ಟೆ ನೋಡಿ ಅವರವರು ಒಳಗೆ ಹೋದರು. ಅವ್ವ ಮೆಟ್ಟಿಲು ತಡವಿ ನೋಡಿ, 'ನನ್ನ ಮಗ ಅಂದ್ರೆ ಮಗ' ಅಂದಳು. ಮಗ ಕಿಟಕಿ ತೆಗೆದು ಕಟ್ಟೆಯವರಿಗೆ ಕೈ ಬೀಸಿದ. ಮಗಳು ಆ ತುದಿಗೆ, ಮೊಮ್ಮಗಳು ಮೇಲಕ್ಕೆ. ಎಲ್ಲರಿಗೂ ಖುಷಿ. ಮುದುಕ ಓಣಿಯಲ್ಲಿ ನಿಂತ. ಹಗ್ಗ ಮಾರುವವನು ಕೆಳಗೆ ಹಗ್ಗ ಸುತ್ತುತ್ತಿದ್ದದ್ದು ಅವನಿಗೆ ಕಂಡಿತು. ಆ ಕಡೆ ನೋಡದೆ ಈ ಕಡೆ ತಿರುಗಿದ.

ಇನ್ನು ಒಂದು ಉಳಿದಿತ್ತು. ದಿಂಬಾದವರಿಗೂ ಮಲಗಲು ಜಾಗ ಬೇಕಲ್ಲ. ಅದನ್ನು ಆರಿಸುವ ಹಕ್ಕು ಬೇರೆ ಮನೆಯಿಂದ ಆ ಮನೆಗೆ ಎಲ್ಲರಿಗಿಂತ ಕೊನೆಗೆ ಬಂದವರದು. ಹೊರಗಿನಿಂದ ಬಂದವರಿಗೆ ಒಳಗಿನವರು ಕಾಣುತ್ತಾರೆ ಅಂತ ಹಿಂದಿನವರ ಮಾತು.

ಸೊಸೆ ಬಂದಳು. 'ಟವೆಲು ಕೊಡಿ ಮಾವ' ಅಂದಳು. ಅವನು ಹೆಗಲ ಮೇಲಿನ ಟವೆಲು ಕೊಟ್ಟ. ಅವಳು ಹೋಗುತ್ತ ಹೋಗುತ್ತ ತನ್ನ ಬಾಗಿಲ ಮುಂದೆ ನಿಂತಳು. ಗೂಟದ ಮೇಲಿನ ಶಾಲು ಮುಟ್ಟಿದಳು. ಮುಂದೆ ಹೋಗಿ ಅವ್ವನ ಸೀರೆತುಂಡು ಮುಟ್ಟಿದಳು. ತಿರುಗಿ ಬಂದಳು.

'ಮಾವ, ಮಡಿಕೆ ಹಾಗೇ ಇದೆ.'

ಮುದುಕ ಗೂಟದ ಕಡೆ ನೋಡಿದ.

'ನನ್ನ ಶಾಲಿನ ಮಡಿಕೆ ಬಿಚ್ಚೇ ಇಲ್ಲ ನೀವು. ಅಜ್ಜಿ ಸೀರೆ ಬಿಚ್ಚಿದ್ದೀರಿ, ಆದರೆ ಉಸಿರು ಬಿದ್ದ ಪಸೆ ಇಲ್ಲ. ನಿದ್ದೆ ಮಾಡಿದವರ ಮುಖದ ಮೇಲಿನ ಬಟ್ಟೆ ಹೀಗಿರಲ್ಲ. ಈ ಮನೆ ಬಟ್ಟೆ ಒಗೆಯೋಳು ನಾನು.'

'ಬರಲಿಲ್ಲ' ಅಂದ ಮುದುಕ.

'ಯಾವ ಕೋಣೇಲಿ?'

'ಯಾವುದರಲ್ಲೂ.'

'ಇವತ್ತೋ?'

ಮುದುಕ ದಿಂಬನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. 'ಅವಳು ಹೋದಾಗಿಂದ.'

ಸೊಸೆ ಟವೆಲು ಮಡಿಸಿ ಹೆಗಲಿಗೆ ಹಾಕಿಕೊಂಡಳು. ಬಯ್ಯಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ. 'ಹೀಗೇ ಮಲಗಿದ್ರೆ ನಾಳೆ ಇಳಿಯುವಾಗ ನಾನು ಯಾರೋ, ನೀವು ಯಾರೋ' ಅಂದಳು. 'ನಿಮ್ಮ ಮಗ ಕಟ್ಟೆ ಮೇಲೆ ಇನ್ನೊಂದು ಅಂಗಡಿ ಹಾಕ್ತಾರೆ. ವ್ಯಾಪಾರವೂ ಬರಲ್ಲ ಅವರಿಗೆ.'

'ಗೊತ್ತು ಕಣವ್ವ.'

'ಮೊದಲು ನಿಮ್ಮ ಜಾಗ ನೋಡ್ತೀನಿ. ತಡೀರಿ.'

ಅವಳು ಹೊರಟಳು. ಹೆಂಗಸು ಬಾಗಿಲು ತೆಗೆದಳು. ಸೊಸೆ ಮಲಗಿದಳು, ಟವೆಲು ಮುಖದ ಮೇಲೆ ಹಾಕಿಕೊಂಡಳು.

'ಬಂತಾ?'

'ಬರಲಿಲ್ಲ.'

ಕಿಟಕಿ ಇದ್ದಲ್ಲಿ ಬರಲಿಲ್ಲ. ಕಿಟಕಿ ಇಲ್ಲದಲ್ಲಿ ಬರಲಿಲ್ಲ. ಮೇಲೆ ಬರಲಿಲ್ಲ, ಕೆಳಗೆ ಬರಲಿಲ್ಲ. ಖಾಲಿ ಕೋಣೆಗಳು ಮುಗಿದವು. ನೀರು ಹಡಗಿನ ಮಗ್ಗುಲಿಗೆ ಬಡಿಯುವ ಸದ್ದು ಬದಲಾಗುತ್ತಿತ್ತು. ಸೊಸೆ ಓಣಿಗೆ ಬಂದಳು. ಎರಡೂ ಕಡೆ ಬಾಗಿಲು, ನಡುವೆ ಬರೀ ಹಲಗೆ ನೆಲ. 'ಕಾಲು ಸೋತವು' ಅಂತ ಅಲ್ಲೇ ಗೋಡೆಗೆ ಒರಗಿ ಕೂತಳು. ಟವೆಲು ಕೈಯಲ್ಲೇ ಇತ್ತು. ಮುಖಕ್ಕೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಕತ್ತು ಒಂದು ಕಡೆ ವಾಲಿತು. ಕೈ ಸಡಿಲವಾಯಿತು. ಉಸಿರು ಉದ್ದವಾಯಿತು.

ಹೆಂಗಸು ಮುದುಕನನ್ನು ನೋಡಿದಳು. 'ಬಂತು' ಅಂದಳು. ಕೇಳದೆ ಅವಳು ಅಂದ ಮಾತು ಅದೊಂದೇ.

ಸೊಸೆ ಬೆಚ್ಚಿ ಎಚ್ಚೆತ್ತಳು. ಸುತ್ತ ನೋಡಿದಳು. 'ಮತ್ತೆ ಇಲ್ಲೇನಾ' ಅಂದಳು.

'ಮತ್ತೆ ಅಂದ್ರೆ?'

'ಅಜ್ಜ ಹೋದಾಗ ಅತ್ತೆಗೆ ಜಾಗ ಆರಿಸಿದವಳೂ ನಾನೇ ಅಲ್ವಾ ಮಾವ. ಹೊಸದಾಗಿ ಬಂದಿದ್ದೆ. ಕೋಣೆ ಎಲ್ಲ ನೋಡ್ದೆ, ಎಲ್ಲೂ ಬರಲಿಲ್ಲ. ಇದೇ ಓಣೀಲಿ ಬಂತು. ಅತ್ತೇನ ನೆಲದ ಮೇಲೆ ಮಲಗಿಸೋದಾ ಅಂತ ಅಳು ಬಂತು ನನಗೆ. ಅವರು ನಕ್ಕರು. ಸರಿಯಾಗೇ ಆರಿಸಿದ್ದೀಯ, ಮನೇಲೂ ನಾನು ಇಲ್ಲೇ ಮಲಗೋದು ಅಂದ್ರು.'

'ಮನೇಲಿ ನನ್ನ ಪಕ್ಕ ಮಲಗ್ತಿದ್ಲು' ಅಂದ ಮುದುಕ.

'ನಿಮಗೆ ನಿದ್ದೆ ಹತ್ತೋ ತನಕ. ಆಮೇಲೆ ಎದ್ದು ನಡುಮನೇಲಿ ಚಾಪೆ ಹಾಕೋರು. ಅಲ್ಲಿಗೆ ಎಲ್ಲರ ಬಾಗಿಲೂ ಕೇಳಿಸ್ತದೆ. ನೀವು ಏಳೋ ಮುಂಚೆ ಒಳಗೆ ಹೋಗೋರು.'

ಮುದುಕ ನೆನೆಸಿಕೊಂಡ. ಬೆಳಿಗ್ಗೆ ಕಾಲು ಚಾಚಿದರೆ ಅವಳ ಕಾಲು ತಣ್ಣಗಿರುತ್ತಿತ್ತು. ತಣ್ಣನೆಯ ಮೈಯವಳು ಅಂದುಕೊಂಡಿದ್ದ. ಅಷ್ಟು ವರ್ಷವೂ ಹಾಗೇ ಅಂದುಕೊಂಡಿದ್ದ.

'ಮಲಗಿ' ಅಂದಳು ಸೊಸೆ. ಎಲ್ಲಿಂದಲೋ ಒಂದು ಚಾಪೆ ತಂದು ಹಾಸಿದಳು. 'ಹೊತ್ತಿಲ್ಲ.'

ಮುದುಕ ಓಣಿಯಲ್ಲಿ ಮಲಗಿದ. ದಿಂಬಿಗೆ ತಲೆ ಕೊಟ್ಟ. ಸೊಸೆ ಗೂಟಗಳಿಂದ ಬಟ್ಟೆಗಳನ್ನೆಲ್ಲ ತಂದು, ಮಡಿಕೆ ಬಿಚ್ಚಿ, ಒಂದರ ಮೇಲೊಂದು ಅವನ ಮುಖದ ಮೇಲೆ ಹಾಸಿದಳು. ಬೆಳಕು ಹೋಯಿತು. ಕಿವಿ ಉಳಿಯಿತು.

ಮೆಟ್ಟಿಲ ಹತ್ತಿರದ ಕೋಣೆಯಲ್ಲಿ ಅವ್ವ ಗೋಡೆ ತಟ್ಟುತ್ತಿದ್ದಳು. ತಟ್ಟಿ ಕಿವಿಗೊಡುತ್ತಿದ್ದಳು. ಆ ಕಡೆಯಿಂದ ಯಾರೂ ತಟ್ಟಲಿಲ್ಲ. ಮತ್ತೆ ತಟ್ಟಿದಳು. ಮಗ ಕಿಟಕಿ ಹಾಕಿದ, ಅಗಳಿ ನೋಡಿದ, ತೆಗೆದ, ಮತ್ತೆ ಹಾಕಿದ, ಮತ್ತೆ ಅಗಳಿ ನೋಡಿದ. ಮೇಲೆ ಮೊಮ್ಮಗಳ ಹೆಜ್ಜೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ. ಒಬ್ಬಳೇ ಇರಬೇಕು ಅಂದವಳು ಕೂರಲಾರದೆ ನಡೆಯುತ್ತಿದ್ದಳು. ಆ ತುದಿಯಿಂದ ಮಾತ್ರ ಏನೂ ಕೇಳಲಿಲ್ಲ. ಮುದುಕ ಕಿವಿ ಚಾಚಿದ. ಮಗಳು ಅಷ್ಟು ದೂರ ಇದ್ದಳು. ಅಷ್ಟು ದೂರದಲ್ಲಿ ಅವಳು ಅತ್ತರೂ ಗೊತ್ತಾಗುವುದಿಲ್ಲ.

ಇಷ್ಟು ಕೇಳಿತು. ಆಮೇಲೆ ಮುದುಕನಿಗೆ ನಿದ್ದೆ ಬಂತು.

ಎಷ್ಟು ಹೊತ್ತೋ. ಹಲಗೆಯ ಮೇಲಿನ ಬಿಸಿಲು ಪಕ್ಕದ ಹಲಗೆಗೆ ಸರಿಯುವಷ್ಟು. ಎದ್ದಾಗ ಬಟ್ಟೆಗಳು ಅವನ ಉಸಿರಿಗೆ ತೇವವಾಗಿದ್ದವು. ಮುದುಕ ಒಂದೊಂದನ್ನೇ ಕೈಗೆ ತೆಗೆದುಕೊಂಡ. ಈ ಸಲ ಯೋಚನೆ ಮಾಡಲಿಲ್ಲ.

ಅವ್ವನ ಸೀರೆತುಂಡು ಅಡುಗೆಮನೆಗೆ ಅಂಟಿದ ಕೋಣೆಗೆ. ಅಲ್ಲಿ ಪಾತ್ರೆ ಬೀಳುತ್ತಿದ್ದವು, ಅಡುಗೆಯವರು ಜಗಳವಾಡುತ್ತಿದ್ದರು.

'ಹಾಳಾದವನೇ, ಈ ಸಂತೇಲಿ ಮಲಗು ಅಂತೀಯಾ?' ಅಂದಳು ಅವ್ವ.

'ಹೂಂ ಅವ್ವ.'

ಅದರ ಪಕ್ಕದ ಕೋಣೆಗೂ ಅದಕ್ಕೂ ನಡುವೆ ಒಂದು ಕುಳ್ಳ ಬಾಗಿಲಿತ್ತು. ಮೊಮ್ಮಗಳ ದುಪಟ್ಟಾ ಅಲ್ಲಿಗೆ.

'ಅಜ್ಜಿ ಪಕ್ಕಾನಾ? ತಾತ, ದೊಡ್ಡವಳಾದೆ ಅಂತ ಕರ್ಕೊಂಡು ಬಂದು ಮಗೂನ ಮಾಡ್ತೀಯಲ್ಲ!'

'ಹೂಂ ಕಣವ್ವ.'

ಮಗನ ಅಂಗಿ, ಸೊಸೆಯ ಶಾಲು ಕೆಳಗೆ, ಹಡಗಿನ ಹೊಟ್ಟೆಯೊಳಗಿನ ಕೋಣೆಗೆ. ಕಿಟಕಿ ಇಲ್ಲ, ಅಗಳಿ ಇಲ್ಲ. ಮಗ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. 'ಇದು ಕೋಣೇನಾ? ಕಣಜ ಇದು. ಬತ್ತ ತುಂಬ್ತಾರೆ ಇದರಲ್ಲಿ.' ಸೊಸೆ ಅವನನ್ನು ಒಳಗೆ ತಳ್ಳಿದಳು.

ಅದರ ಪಕ್ಕದಲ್ಲಿ, ತಗಡಿನಷ್ಟು ತೆಳ್ಳಗಿನ ಗೋಡೆಯ ಆಚೆ, ಒಂದು ಕೋಣೆ ಇತ್ತು. ಮಗಳ ರವಿಕೆ ಅಲ್ಲಿಗೆ. ಮಗಳು ಅಪ್ಪನನ್ನು ದುರುಗುಟ್ಟಿ ನೋಡಿ ಬಾಗಿಲು ದಢಾರನೆ ಹಾಕಿಕೊಂಡಳು.

ಕೇಳಿದ್ದು ಯಾರಿಗೂ ಸಿಗಲಿಲ್ಲ. ಹಗ್ಗ ಬಿಚ್ಚಿದರು. ಹಡಗು ಹೊರಟಿತು.

ಬೆಳಿಗ್ಗೆ ಹಡಗು ಬಿಟ್ಟ ಕಟ್ಟೆಗೇ ಬಂದು ನಿಂತಿತು. ಮುದುಕ ಮೊದಲು ಇಳಿದು ಹಲಗೆಯ ಬುಡದಲ್ಲಿ ನಿಂತ. ದಿಂಬು ಕಂಕುಳಲ್ಲಿತ್ತು. ಕಟ್ಟೆಯ ಮೂಲೆಯಲ್ಲಿ ಹಗ್ಗದ ಅಂಗಡಿ ಆಗಲೇ ತೆರೆದಿತ್ತು. ಒಬ್ಬ ಮುದುಕಿ ಅಂಗಡಿಯ ಮುಂದೆ ನಿಂತು ಹಗ್ಗ ಎಷ್ಟು ಗಟ್ಟಿ ಅಂತ ಎಳೆದು ನೋಡುತ್ತಿದ್ದಳು.

ಮೇಲೆ ಅವ್ವ ಕಾಣಿಸಿದಳು. ಮೊಮ್ಮಗಳ ಭುಜ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಳಿದಳು. ಮುದುಕನ ಮುಂದೆ ಬಂದು ನಿಂತಳು. ಮಂಜಾದ ಕಣ್ಣು ಅವನ ಮುಖದ ಮೇಲೆ ಇಟ್ಟಳು. ಸುಮ್ಮನೆ ನೋಡಿದಳು. ಮುದುಕನ ಕಂಕುಳಲ್ಲಿ ದಿಂಬು ಜಾರಿತು.

'ಯಾರಪ್ಪ ನೀನು?' ಅಂದಳು.

ಮುದುಕ ಹಗ್ಗದ ಅಂಗಡಿಯ ಕಡೆ ನೋಡಿದ.

'ಯಾರೋ ಅಂದ್ಕೊಂಡೆ' ಅಂದಳು ಅವ್ವ. 'ನನ್ನ ಮಗ ಆಗಿದ್ರೆ ಮಂಡಿನೋವಿನ ಮುದುಕೀನ ಅಡುಗೆಮನೆ ಸಂದೀಲಿ ಮಲಗಿಸ್ತಿದ್ನಾ? ಬೆಳಗಿನ ಜಾವದ ತನಕ ಆ ಮುಂಡೇವು ಉಪ್ಪು ಹೆಚ್ಚಾಯ್ತಾ ಕಮ್ಮಿ ಆಯ್ತಾ ಅಂತ ಜಗಳ. ನಾನೇ ಕೂಗಿ ಹೇಳ್ದೆ, ಹುಣಿಸೆಹುಳಿ ಹಾಕ್ರೋ ಅಂತ. ಆಮೇಲೆ ನಿದ್ದೆ ಬಂತು.'

'ಅಜ್ಜಿ ರಾತ್ರಿ ಎಲ್ಲ ಕಥೆ ಹೇಳ್ತು ತಾತ' ಅಂದಳು ಮೊಮ್ಮಗಳು. 'ನಿನ್ನ ಕಥೇನೇ. ಚಡ್ಡಿ ಕಳ್ಕೊಂಡು ಬಂದದ್ದು.'

ಹಿಂದೆ ಮಗ ಬಂದ. 'ಅಪ್ಪ, ಆ ಕಣಜದಲ್ಲಿ ಹೊತ್ತು ಹುಟ್ಟಿದ್ದೇ ಗೊತ್ತಾಗಲಿಲ್ಲ. ಯಾರಾದ್ರೂ ಎಬ್ಬಿಸಬಾರದಾ?' ಮಗಳು ಅವನ ಹಿಂದೆಯೇ ಇಳಿದಳು. ಅವಳ ಕಣ್ಣು ಊದಿತ್ತು. ಅಪ್ಪನ ಮುಖ ನೋಡದೆ ಅಣ್ಣನಿಗೇ ಹೇಳಿದಳು: 'ಗೋಡೆ ಹೊಡೀತದೆ ಅಂದೆ. ತಪ್ಪಾಯ್ತು. ಇಡೀ ಹಡಗೇ ಹೊಡೀತದೆ.'

ಸೊಸೆ ಕೊನೆಗೆ ಇಳಿದಳು. ಬಟ್ಟೆಗಳೆಲ್ಲ ಅವಳ ತೋಳ ಮೇಲಿದ್ದವು, ಮುದುಕನ ಟವೆಲೂ ಸೇರಿ. ಅವನ ಕಂಕುಳಲ್ಲಿದ್ದ ದಿಂಬು ನೋಡಿದಳು. ಏನೂ ಕೇಳಲಿಲ್ಲ. 'ಒಗೆಯೋದು ಬಹಳ ಇದೆ, ನಡೀರಿ' ಅಂದಳು. ಬಯ್ದುಕೊಳ್ಳುತ್ತ, ನಗುತ್ತ, ಹಗ್ಗದ ಅಂಗಡಿ ದಾಟಿ ಅವರೆಲ್ಲ ಒಂದೇ ದಾರಿ ಹಿಡಿದರು.

ಆ ಮಧ್ಯಾಹ್ನ ಮುದುಕ ತನ್ನ ಕೋಣೆಗೆ ಹೋಗಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿದ. ಸುತ್ತ ಎಲ್ಲರ ಬಾಗಿಲು. ದಿಂಬಿಟ್ಟು ತಲೆ ಇಟ್ಟ.

ಸೊಸೆ ಒಗೆದ ಬಟ್ಟೆಯ ಬಕೆಟ್ ಹೊತ್ತು ಬಂದಳು. ಒಣಹಾಕಲು ಬೀದಿಕಡೆಯ ಅಂಗಳಕ್ಕೆ ಹೋಗಬೇಕು. ದಾರಿಗೆ ಅಡ್ಡ ಮುದುಕನ ಕಾಲು.

'ಮಾವ, ಸ್ವಲ್ಪ ಕಾಲು ತೆಗೀರಿ' ಅಂದಳು.

ಅವನು ಅಲುಗಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಉದ್ದವಾಗಿತ್ತು.

ಸೊಸೆ ಬಕೆಟ್ ಸೊಂಟದ ಇನ್ನೊಂದು ಕಡೆಗೆ ಬದಲಿಸಿಕೊಂಡು, ಹಿತ್ತಲಿಂದ ಸುತ್ತಿಕೊಂಡು ಹೋದಳು.